ಸ್ಕೋಕಿ, 1977: ಒಂದೇ ‘ಬೇಡ’, ಮೂರು ಬೇರು

ಮೂವತ್ತರಿಂದ ಐವತ್ತು ಜನ. ಊರಿನ ಆಡಳಿತ ಕಚೇರಿಯ ಮುಂದೆ ಒಬ್ಬರ ಹಿಂದೊಬ್ಬರು ಸಾಲಾಗಿ ಇಪ್ಪತ್ತು ಮೂವತ್ತು ನಿಮಿಷ ನಡೆಯುವುದು. ಕರಪತ್ರ ಹಂಚುವುದಿಲ್ಲ, ಯಾವ ಜನಾಂಗವನ್ನೂ ಬೈಯುವುದಿಲ್ಲ, ಸಂಚಾರಕ್ಕೆ ಅಡ್ಡಿ ಮಾಡುವುದಿಲ್ಲ. ಅಮೆರಿಕದ ಇಲಿನಾಯ್ ರಾಜ್ಯದ ಸ್ಕೋಕಿ ಎಂಬ ಊರಿನಲ್ಲಿ 1977ರ ಮೇ 1ರಂದು ಮಾಡುತ್ತೇವೆ ಎಂದು ಕೇಳಿದ್ದು ಇಷ್ಟನ್ನೇ. ಕೇಳಿದವರು ಮಾತ್ರ ನ್ಯಾಷನಲ್ ಸೋಷಲಿಸ್ಟ್ ಪಾರ್ಟಿ ಆಫ್ ಅಮೆರಿಕದವರು: ನಾಜಿ ಸಮವಸ್ತ್ರ ತೊಟ್ಟು, ತೋಳಿಗೆ ಸ್ವಸ್ತಿಕದ ಪಟ್ಟಿ ಕಟ್ಟಿಕೊಳ್ಳುವ ಒಂದು ಸಣ್ಣ ಗುಂಪು. ಮುಖಂಡ ಫ್ರಾಂಕ್ ಕಾಲಿನ್.

ಆ ನಡಿಗೆ ಸ್ಕೋಕಿಯಲ್ಲಿ ಕೊನೆಗೂ ನಡೆಯಲಿಲ್ಲ. ಅದನ್ನು ತಡೆಯಲು ಹೊರಟ ಜಗಳ ಮಾತ್ರ ಹದಿನಾಲ್ಕು ತಿಂಗಳು ನಡೆಯಿತು. ರಾಜಕೀಯ ಅಸಹನೆಯನ್ನು ಅಧ್ಯಯನ ಮಾಡುವವರು ಇಂದಿಗೂ ಈ ಪ್ರಕರಣಕ್ಕೆ ಮರಳುವುದಕ್ಕೆ ಕಾರಣವಿದೆ. ಇಲ್ಲಿ ‘ಬೇಡ’ ಎಂದವರು ಕೆಟ್ಟವರಲ್ಲ, ಅವಿದ್ಯಾವಂತರಲ್ಲ, ‘ಬೇಡ’ ಎನ್ನಿಸಿಕೊಂಡವರ ಪರ ಕನಿಕರ ಪಡುವ ಅಗತ್ಯವೂ ಇಲ್ಲ. ಹೀಗೆ ಸುಲಭದ ಉತ್ತರಗಳೆಲ್ಲ ಮೊದಲೇ ಕಳಚಿ ಬೀಳುತ್ತವೆ.

ಒಂದು ಮಾತು ಮೊದಲೇ ಸ್ಪಷ್ಟವಾಗಲಿ. ಅಸಹನೆ ಎಂದರೆ ದ್ವೇಷವಲ್ಲ, ಭಿನ್ನಾಭಿಪ್ರಾಯವೂ ಅಲ್ಲ. ಒಬ್ಬರನ್ನು ಕಂಡರೆ ಮೈ ಉರಿಯುತ್ತದೆ ಎನ್ನುವುದು ಮನಸ್ಸಿನ ಸಂಗತಿ. ಎಲ್ಲರಿಗೂ ಇರುವ ಹಕ್ಕು ಅವರಿಗೆ ಮಾತ್ರ ಇರಕೂಡದು ಎನ್ನುವುದು ಅಸಹನೆ. ಮೊದಲನೆಯದರಿಂದ ಎರಡನೆಯದಕ್ಕೆ ಒಂದು ಹೆಜ್ಜೆ ಇದೆ. ಬೇರು ಹುಡುಕುವುದೆಂದರೆ ಆ ಹೆಜ್ಜೆ ಯಾಕೆ ಬಿತ್ತು ಎಂದು ಹುಡುಕುವುದು. ಹಾಗೆಯೇ, ನಮಗೆ ಇಷ್ಟವಾದವರಿಗೆ ಅವಕಾಶ ಕೊಡುವುದನ್ನು ಸಹನೆ ಎನ್ನಲಾಗದು. ಒಲ್ಲದವರು ಎದುರಿಗೆ ನಿಲ್ಲುವ ತನಕ ಆ ಪ್ರಶ್ನೆಯೇ ಹುಟ್ಟುವುದಿಲ್ಲ.

ಘಟನೆಗಳ ಸರಣಿ

ಕಾಲಿನ್ ತಂಡದ ಮಾಮೂಲಿ ಜಾಗ ಷಿಕಾಗೊ ನಗರದ ಮಾರ್ಕ್ವೆಟ್ ಪಾರ್ಕ್ ಪ್ರದೇಶ. 1966ರ ಆಗಸ್ಟ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಮೆರವಣಿಗೆಯಲ್ಲಿ ಬಂದಾಗ ಅವರ ತಲೆಗೆ ಕಲ್ಲೇಟು ಬಿದ್ದದ್ದು ಇಲ್ಲಿಯೇ. ಈ ಪಾರ್ಕಿನಲ್ಲಿ ಸಭೆ ನಡೆಸಬೇಕಾದರೆ 2,50,000 ಡಾಲರ್ ವಿಮೆ ಮಾಡಿಸಿ ಎಂದು ಷಿಕಾಗೊ ಉದ್ಯಾನ ಮಂಡಳಿ ಷರತ್ತು ಹಾಕಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಷರತ್ತು ಇದು. ನಿಷೇಧ ಎಂಬ ಶಬ್ದ ಎಲ್ಲಿಯೂ ಇಲ್ಲ. ಆದರೆ ಇಂಥ ಗುಂಪಿಗೆ ಯಾವ ವಿಮಾ ಕಂಪನಿಯೂ ಪಾಲಿಸಿ ಕೊಡುವುದಿಲ್ಲ, ಕೊಟ್ಟರೂ ಕಂತು ಕಟ್ಟುವ ಶಕ್ತಿ ಗುಂಪಿಗಿಲ್ಲ.

ಕಾಲಿನ್ ಸುತ್ತಲಿನ ಉಪನಗರಗಳಿಗೆಲ್ಲ ಪತ್ರ ಬರೆದ. ಹೆಚ್ಚಿನವು ಉತ್ತರವನ್ನೇ ಕೊಡಲಿಲ್ಲ. ಸ್ಕೋಕಿಯ ಉದ್ಯಾನ ಮಂಡಳಿ ಉತ್ತರ ಕೊಟ್ಟಿತು: 3,50,000 ಡಾಲರ್ ವಿಮೆ ತನ್ನಿ. ಕಾಲಿನ್‌ಗೆ ಬೇಕಿದ್ದ ಹಿಡಿ ಸಿಕ್ಕಿತು. ಮೇ 1ರ ನಡಿಗೆ ಲೆಕ್ಕಕ್ಕೆ ಈ ವಿಮಾ ಷರತ್ತಿನ ವಿರುದ್ಧದ ಪ್ರತಿಭಟನೆ. ಫಲಕಗಳಲ್ಲಿ ಬರೆಯಲು ಹೊರಟದ್ದು ಬಿಳಿಯರ ವಾಕ್‌ಸ್ವಾತಂತ್ರ್ಯದ ಘೋಷಣೆ.

ಸ್ಕೋಕಿಯ ಜನಸಂಖ್ಯೆ ಆಗ ಸುಮಾರು 70,000. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಯಹೂದಿಗಳು. ನ್ಯಾಯಾಲಯದ ದಾಖಲೆಯ ಪ್ರಕಾರ 5,000ದಿಂದ 7,000 ಮಂದಿ ನಾಜಿ ಶಿಬಿರಗಳಿಂದ, ನರಮೇಧದಿಂದ ಬದುಕುಳಿದು ಬಂದವರು.

ಊರಿನ ಆಡಳಿತದ ಮೊದಲ ಯೋಚನೆ ತಡೆಯುವುದಾಗಿರಲಿಲ್ಲ ಎಂಬುದನ್ನು ಅನೇಕರು ಮರೆಯುತ್ತಾರೆ. ನಾಜಿ ಗುಂಪುಗಳನ್ನು ಎದುರಿಸಲು ಅಮೆರಿಕದ ದೊಡ್ಡ ಯಹೂದಿ ಸಂಘಟನೆಗಳು ಹಿಂದಿನಿಂದಲೂ ಅನುಸರಿಸಿಕೊಂಡು ಬಂದ ಉಪಾಯವೊಂದಿತ್ತು: ಕಣ್ಣೆತ್ತಿ ನೋಡಬೇಡಿ, ಪ್ರಚಾರ ಕೊಡಬೇಡಿ, ಬಂದ ದಾರಿಯಲ್ಲಿ ಹೋಗಲಿ. ಸ್ಕೋಕಿಯ ಮುಖಂಡರೂ ಅದನ್ನೇ ಹಿಡಿದರು. ಆ ತೀರ್ಮಾನವನ್ನು ಮುಂದಿಟ್ಟಾಗ ಬದುಕುಳಿದವರು ಎದ್ದುನಿಂತರು. ಜರ್ಮನಿಯಲ್ಲೂ ಮೊದಲು ಇವರು ಬೆರಳೆಣಿಕೆಯಷ್ಟೇ ಇದ್ದರು, ಅಲ್ಲಿಯೂ ಸುಮ್ಮನಿರಿ ಎಂದೇ ಹೇಳಿದ್ದರು ಎಂಬುದು ಅವರ ವಾದ. ಆಡಳಿತ ತಿರುಗಿ ನಿಂತಿತು.

ಏಪ್ರಿಲ್ 28ರಂದು ಊರಿನವರು ಕೋರ್ಟಿಗೆ ಹೋಗಿ ಮರುದಿನ ಮೇ 1ರ ನಡಿಗೆಗೆ ತಡೆಯಾಜ್ಞೆ ತಂದರು. ಕಾಲಿನ್ ಒಂದು ದಿನ ಮೊದಲೇ, ಏಪ್ರಿಲ್ 30ಕ್ಕೇ ಹೊರಟಾಗ ತಡೆಯಾಜ್ಞೆಯನ್ನು ತರಾತುರಿಯಲ್ಲಿ ವಿಸ್ತರಿಸಿ, ಪೊಲೀಸರು ತಂಡವನ್ನು ಹೆದ್ದಾರಿಯಲ್ಲೇ ಹಿಂದಕ್ಕೆ ಕಳಿಸಿದರು. ಮೇ 2ರಂದು ಊರಿನ ಮಂಡಳಿ ಮೂರು ಉಪನಿಯಮಗಳನ್ನು ಅಂಗೀಕರಿಸಿತು. ಮೊದಲನೆಯದರಂತೆ ಮೆರವಣಿಗೆಗೆ ಪರವಾನಗಿ ಬೇಕು, ಅದಕ್ಕೆ 3,00,000 ಡಾಲರ್ ಹೊಣೆಗಾರಿಕೆ ವಿಮೆ, 50,000 ಡಾಲರ್ ಆಸ್ತಿಹಾನಿ ವಿಮೆ ಬೇಕು. ಎರಡನೆಯದು ಜನಾಂಗ, ಧರ್ಮದ ಹೆಸರಿನಲ್ಲಿ ದ್ವೇಷ ಕೆರಳಿಸುವ ಸಾಮಗ್ರಿಯ ಪ್ರಸಾರಕ್ಕೆ ನಿಷೇಧ. ಮೂರನೆಯದು ರಾಜಕೀಯ ಪಕ್ಷದ ಸದಸ್ಯರು ಮಿಲಿಟರಿ ಮಾದರಿಯ ಸಮವಸ್ತ್ರ ತೊಟ್ಟು ಮೆರವಣಿಗೆ ಮಾಡುವುದಕ್ಕೆ ನಿಷೇಧ.

ನಾಜಿಗಳ ಪರ ವಾದಿಸಿದ್ದು ನಾಗರಿಕ ಹಕ್ಕುಗಳಿಗಾಗಿ ಹೋರಾಡುವ ಸಂಸ್ಥೆ ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ (ಎಸಿಎಲ್‌ಯು). ವಕೀಲ ಡೇವಿಡ್ ಗೋಲ್ಡ್‌ಬರ್ಗರ್ ಯಹೂದಿ. ಸಂಸ್ಥೆಯ ರಾಷ್ಟ್ರೀಯ ಮುಖ್ಯಸ್ಥ ಆರ್ಯೆ ನೈಯರ್ ಬರ್ಲಿನ್ನಿನಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ನಾಜಿ ಆಡಳಿತದಿಂದ ತಪ್ಪಿಸಿಕೊಂಡು ಬಂದ ಯಹೂದಿ ಕುಟುಂಬದವರು.

ಮುಂದಿನದು ಕೋರ್ಟುಗಳ ಕಥೆ, ಬೇಗ ಹೇಳಿ ಮುಗಿಸಬಹುದು. 1977ರ ಜೂನ್ 14ರಂದು ಅಮೆರಿಕದ ಸುಪ್ರೀಂ ಕೋರ್ಟ್ 5-4ರ ಬಹುಮತದಲ್ಲಿ, ಇಂಥ ತಡೆಯಾಜ್ಞೆ ಇಡುವುದಾದರೆ ಮೇಲ್ಮನವಿಯನ್ನು ತಡಮಾಡದೆ ಕೇಳಬೇಕು ಎಂದಿತು. ಜುಲೈನಲ್ಲಿ ರಾಜ್ಯದ ಮೇಲ್ಮನವಿ ಕೋರ್ಟ್ ನಡಿಗೆ ಇರಲಿ, ಸ್ವಸ್ತಿಕ ಮಾತ್ರ ಬೇಡ ಎಂದಿತು. 1978ರ ಜನವರಿ 27ರಂದು ಇಲಿನಾಯ್ ಸುಪ್ರೀಂ ಕೋರ್ಟ್ ಅದನ್ನೂ ತೆರವು ಮಾಡಿತು. ಫೆಬ್ರವರಿಯಲ್ಲಿ ಫೆಡರಲ್ ನ್ಯಾಯಾಧೀಶರು ಮೂರೂ ಉಪನಿಯಮಗಳನ್ನು ರದ್ದುಪಡಿಸಿದರು, ಮೇ ತಿಂಗಳಲ್ಲಿ ಫೆಡರಲ್ ಮೇಲ್ಮನವಿ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಜೂನ್ 25ಕ್ಕೆ ಸ್ಕೋಕಿ ನಡಿಗೆ ಎಂದು ನಿಗದಿಯಾಯಿತು. ಅಷ್ಟರಲ್ಲಿ ಷಿಕಾಗೊದ ವಿಮಾ ಷರತ್ತೂ ಕೋರ್ಟಿನಲ್ಲಿ ಬಿತ್ತು. ಕಾಲಿನ್‌ಗೆ ಮೊದಲಿನಿಂದ ಬೇಕಿದ್ದ ಪಾರ್ಕ್ ಸಿಕ್ಕಿತು, ಸ್ಕೋಕಿಯನ್ನು ಬಿಟ್ಟ.

ಮೊದಲ ಬೇರು: ನೆನಪು

ಬದುಕುಳಿದವರ ‘ಬೇಡ’ವನ್ನು ಪೂರ್ವಗ್ರಹ ಎಂದು ಬರೆದುಕೊಂಡರೆ ವಿಶ್ಲೇಷಣೆ ಅಲ್ಲಿಗೇ ಕೆಡುತ್ತದೆ. ಪೂರ್ವಗ್ರಹ ಎಂದರೆ ಅನುಭವಕ್ಕೆ ಮೊದಲೇ ಕಟ್ಟಿಕೊಂಡ ತೀರ್ಪು. ಇವರದು ಅನುಭವದ ನಂತರದ ತೀರ್ಪು. ಆದರೂ ಇದು ಅಸಹನೆಯೇ, ಏಕೆಂದರೆ ಕೇಳಿದ್ದು ಹಕ್ಕನ್ನು ನಿರಾಕರಿಸಿ ಎಂದು. ಎರಡೂ ನಿಜ. ಇಲ್ಲಿ ಅಸಹನೆ ಎಂಬುದು ಬೈಗುಳವಲ್ಲ, ಅಳತೆಯ ಶಬ್ದ.

ಭಯದ ಒಳರಚನೆಯನ್ನು ನೋಡೋಣ. ಐವತ್ತು ಜನ ಅಧಿಕಾರಕ್ಕೆ ಬರುತ್ತಾರೆ ಎಂದು ಸ್ಕೋಕಿಯಲ್ಲಿ ನಂಬಿದವರು ಎಷ್ಟಿದ್ದರೋ, ತಡೆಯಬೇಕು ಎಂದವರು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಅಂದರೆ ಅಪಾಯದ ಸಾಧ್ಯತೆ ಒಂದೇ ಈ ಪ್ರತಿಕ್ರಿಯೆಯನ್ನು ವಿವರಿಸುವುದಿಲ್ಲ. ರಾಜಕೀಯ ವಿಜ್ಞಾನಿಗಳಾದ ಜಾರ್ಜ್ ಮಾರ್ಕಸ್, ಜಾನ್ ಸಲ್ಲಿವನ್, ಎಲಿಜಬೆತ್ ಥೈಸ್-ಮೋರ್ಸ್, ಸಾಂಡ್ರಾ ವುಡ್ 1995ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನು ಬಿಡಿಸಿ ತೋರಿಸುತ್ತವೆ. ಕಾಲ್ಪನಿಕ ಬಿಳಿ ಜನಾಂಗವಾದಿ ಗುಂಪೊಂದರ ವರದಿ ಬರೆದು, ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ಬದಲಿಸಿ ಓದಿಸಿದರು: ಆ ಗುಂಪು ಅಧಿಕಾರಕ್ಕೆ ಬರುವ ಸಾಧ್ಯತೆ ಹೆಚ್ಚೋ ಕಡಿಮೆಯೋ, ಅದು ನಿಯಮ ಪಾಲಿಸುತ್ತದೋ, ಮುರಿದು ಪುಂಡಾಟ ಮಾಡುತ್ತದೋ. ಅಧಿಕಾರದ ಸಾಧ್ಯತೆ ಬದಲಾದರೂ ಓದುಗರ ಸಹನೆ ಬದಲಾಗಲಿಲ್ಲ. ಗುಂಪು ಮರ್ಯಾದೆಯ ಗೆರೆ ದಾಟುತ್ತದೆ ಎಂದು ಓದಿದವರಲ್ಲಿ ಅಸಹನೆ ಏರಿತು.

ಸ್ಕೋಕಿಯಲ್ಲಿ ಗೆರೆ ದಾಟಿದ್ದು ಯಾವುದು? ಮೇಲ್ಮನವಿ ಕೋರ್ಟ್ ಎಲ್ಲವನ್ನೂ ಬಿಟ್ಟು ಸ್ವಸ್ತಿಕವೊಂದನ್ನೇ ತಡೆದದ್ದು ಇದಕ್ಕೆ ಸಾಕ್ಷಿ. ಸಂಕೇತಗಳ ವಿಷಯದಲ್ಲಿ ಮನಸ್ಸು ಲೆಕ್ಕಾಚಾರ ಮಾಡುವುದಿಲ್ಲ, ಸೋಂಕಿನಂತೆ ಕಾಣುತ್ತದೆ. ಮನೋವಿಜ್ಞಾನಿ ಪಾಲ್ ರೋಜಿನ್ ಮತ್ತು ಸಂಗಡಿಗರು ಹಿಟ್ಲರ್ ತೊಟ್ಟಿದ್ದ ಸ್ವೆಟರ್ ಕೊಟ್ಟರೆ ಹಾಕಿಕೊಳ್ಳುತ್ತೀರಾ ಎಂದು ಕೇಳಿ ನೋಡಿದ್ದಾರೆ. ಒಗೆದು ಕೊಟ್ಟರೂ ಜನ ಒಲ್ಲೆ ಎನ್ನುತ್ತಾರೆ. ಸ್ವೆಟರಿನಲ್ಲಿ ಏನೂ ಅಂಟಿಲ್ಲ ಎಂಬ ವಾದ ಅಲ್ಲಿ ಕೆಲಸಕ್ಕೆ ಬಾರದು. ನಮ್ಮ ಮನೆ ಮುಂದಿನ ಬೀದಿಯಲ್ಲಿ ಆ ಚಿಹ್ನೆ ಬೇಡ ಎನ್ನುವ ಮಾತೂ ಇದೇ ಬಗೆಯದು. ಬೇರೆ ಊರಿನಲ್ಲಿ ನಡೆದರೆ ಅಷ್ಟು ಉರಿಯುವುದಿಲ್ಲ. ಹಾಗಾಗಿ ವಾಕ್‌ಸ್ವಾತಂತ್ರ್ಯದ ಪಾಠ ಹೇಳಿ ಈ ಬೇರನ್ನು ಸಡಿಲಿಸಲು ಹೊರಟವರು ಸೋಲುತ್ತಾರೆ. ಸೋತೂ ಇದ್ದಾರೆ.

ಎರಡನೆಯ ಬೇರು: ಶಾಂತಿಭಂಗದ ಲೆಕ್ಕ

ಆಡಳಿತದವರ ಕಾರಣ ಬೇರೆ. ನಡಿಗೆಗೆ ಬಿಟ್ಟರೆ ರಕ್ತಪಾತವಾಗುತ್ತದೆ ಎಂದು ಮೇಯರ್ ಕೋರ್ಟಿನಲ್ಲಿ ಸಾಕ್ಷಿ ನುಡಿದರು. ಗಮನಿಸಬೇಕು, ರಕ್ತಪಾತ ನಾಜಿಗಳಿಂದ ಅಲ್ಲ, ಅವರನ್ನು ಕಂಡು ರೊಚ್ಚಿಗೇಳುವ ಜನರಿಂದ. ಇಲ್ಲಿ ಹಕ್ಕಿನ ಅಳತೆಗೋಲು ಕೇಳುಗರ ಕೈಗೆ ಹೋಗುತ್ತದೆ. ಯಾರ ವಿರೋಧಿಗಳು ಹೆಚ್ಚು ಗಲಾಟೆ ಮಾಡಬಲ್ಲರೋ ಅವರ ಹಕ್ಕು ಅಷ್ಟು ಬೇಗ ಕರಗುತ್ತದೆ. ದಕ್ಷಿಣದ ರಾಜ್ಯಗಳಲ್ಲಿ ಕರಿಯರ ಹಕ್ಕಿನ ಮೆರವಣಿಗೆಗಳನ್ನು ತಡೆದದ್ದು ಇದೇ ವಾದದಿಂದ ಎಂದು ಎಸಿಎಲ್‌ಯು ವಕೀಲರು ತೋರಿಸಿಕೊಟ್ಟರು. ಅದು ಬರೀ ಚಾತುರ್ಯವಲ್ಲ. ಮಾರ್ಕ್ವೆಟ್ ಪಾರ್ಕ್ ಕಡೆಗೆ ಹೊರಟಿದ್ದ ಕರಿಯರ ಹಕ್ಕಿನ ಸಂಘಟನೆಯೊಂದೂ 1976ರಲ್ಲಿ ಮೆರವಣಿಗೆಯ ಅನುಮತಿಗಾಗಿ ಷಿಕಾಗೊ ನಗರದ ವಿರುದ್ಧ ಕೋರ್ಟಿಗೆ ಹೋಗಬೇಕಾಗಿತ್ತು.

ಈ ಬೇರಿಗೆ ನೀರೆರೆಯುವುದು ಸುದ್ದಿಯ ಚೌಕಟ್ಟು. ಓಹಾಯೊ ರಾಜ್ಯದ ಚಿಲಿಕಾಥಿಯಲ್ಲಿ ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿ ಜನಾಂಗವಾದಿ ಸಂಘಟನೆ ನಡೆಸಿದ ಸಭೆಯನ್ನು ಎರಡು ಸ್ಥಳೀಯ ಟಿವಿ ವಾಹಿನಿಗಳು ಎರಡು ಬಗೆಯಲ್ಲಿ ತೋರಿಸಿದ್ದವು. ಒಂದು ಅದನ್ನು ಮಾತಿನ ಹಕ್ಕಿನ ಪ್ರಶ್ನೆಯಾಗಿ ಕಂಡಿತು, ಇನ್ನೊಂದು ಗಲಭೆ, ಪೊಲೀಸ್ ಬಂದೋಬಸ್ತಿನ ಪ್ರಶ್ನೆಯಾಗಿ. ಥಾಮಸ್ ನೆಲ್ಸನ್, ರೋಸಲೀ ಕ್ಲಾಸನ್, ಝೋ ಆಕ್ಸ್‌ಲಿ ಈ ಎರಡು ವರದಿಗಳನ್ನು ವಿದ್ಯಾರ್ಥಿಗಳಿಗೆ ತೋರಿಸಿ 1997ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಲಭೆಯ ಚೌಕಟ್ಟು ನೋಡಿದವರು ಕ್ಲಾನ್‌ಗೆ ಅವಕಾಶ ಕೊಡಲು ಹೆಚ್ಚು ಹಿಂಜರಿದರು. ನೋಡುವವರಿಗೆ ಹೊಸ ಮಾಹಿತಿಯೇನೂ ಸಿಕ್ಕಿರಲಿಲ್ಲ, ಕ್ಲಾನ್ ಮೇಲಿನ ಅಭಿಪ್ರಾಯವೂ ಬದಲಾಗಿರಲಿಲ್ಲ. ಮನಸ್ಸಿನಲ್ಲಿ ಮೊದಲೇ ಇದ್ದ ಎರಡು ಮೌಲ್ಯಗಳಲ್ಲಿ ಯಾವುದು ಭಾರ ಎಂಬುದು ಮಾತ್ರ ಬದಲಾಗಿತ್ತು. ಸ್ಕೋಕಿಯ ಸುದ್ದಿ ತಿಂಗಳುಗಟ್ಟಲೆ ಓಡಿದ್ದು ಎಷ್ಟು ಸಾವಿರ ಜನ ಸೇರುತ್ತಾರೆ, ಏನಾಗಬಹುದು ಎಂಬ ದಾರಿಯಲ್ಲಿ.

ಮುಖಂಡರು ಜನರಿಗಿಂತ ಸಹನಶೀಲರು ಎನ್ನುವ ಹಳೆಯ ಸಿದ್ಧಾಂತವೊಂದಿದೆ. ಸ್ಕೋಕಿಯಲ್ಲಿ ಅದು ಮೊದಲ ಕೆಲವು ವಾರ ಮಾತ್ರ ನಿಜವಾಯಿತು. ಓಟು ಹಾಕುವವರು ಎದುರಿಗೆ ಬಂದು ಅತ್ತಾಗ ಮುಖಂಡರ ಸಹನೆ ಉಳಿಯಲಿಲ್ಲ. ಇದನ್ನೇ ಸಾರ್ವತ್ರಿಕ ನಿಯಮ ಮಾಡಬಾರದು. ಮೆಕಾರ್ಥಿ ಕಾಲದ, ಅಂದರೆ 1950ರ ಆಸುಪಾಸಿನ ಕಮ್ಯುನಿಸ್ಟ್ ಬೇಟೆಯ ಕಾಲದ, ರಾಜ್ಯಮಟ್ಟದ ದಮನಕಾರಿ ಕಾನೂನುಗಳನ್ನು ಪರಿಶೀಲಿಸಿದ ಜೇಮ್ಸ್ ಗಿಬ್ಸನ್ 1988ರಲ್ಲಿ ಇದಕ್ಕೆ ಉಲ್ಟಾ ಕಂಡರು. ಅಲ್ಲಿ ಕಾನೂನುಗಳು ಹಿಂಬಾಲಿಸಿದ್ದು ಜನರ ಅಭಿಪ್ರಾಯವನ್ನಲ್ಲ, ಮುಖಂಡರ ಅಭಿಪ್ರಾಯವನ್ನು.

ಮೂರನೆಯ ಬೇರು: ತತ್ವಕ್ಕೂ ಪ್ರಯೋಗಕ್ಕೂ ನಡುವಿನ ಕಂದಕ

ನಮ್ಮ ದೃಷ್ಟಿಯಲ್ಲಿ ಸ್ಕೋಕಿಯ ಅತಿ ಕುತೂಹಲದ ಭಾಗ ಸ್ಕೋಕಿಯಲ್ಲಿ ನಡೆದದ್ದಲ್ಲ. ಎಸಿಎಲ್‌ಯುಗೆ ವರ್ಷವರ್ಷವೂ ಚಂದಾ ಕಟ್ಟುತ್ತಿದ್ದ ಜನ, ಅಂದರೆ ಎಲ್ಲರಿಗೂ ಮಾತಿನ ಹಕ್ಕು ಎಂದು ಜೇಬಿನಿಂದ ಹಣ ಕೊಟ್ಟು ಹೇಳುತ್ತಿದ್ದವರು, ಈ ಒಂದು ಮೊಕದ್ದಮೆಗಾಗಿ ಸಾವಿರಾರು ಸಂಖ್ಯೆಯಲ್ಲಿ ಸಂಸ್ಥೆ ಬಿಟ್ಟರು. ಸಾಮಾನ್ಯವಾಗಿ ಹೇಳುವ ಅಂಕಿ ಸುಮಾರು 30,000.

ಇದು ಕಪಟವಲ್ಲ. ಜೇಮ್ಸ್ ಪ್ರೋಥ್ರೊ ಮತ್ತು ಚಾರ್ಲ್ಸ್ ಗ್ರಿಗ್ 1960ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಆನ್ ಆರ್ಬರ್, ಟಾಲಹಾಸಿ ಎಂಬ ಎರಡು ಊರುಗಳಲ್ಲಿ ಕೇಳಿ ನೋಡಿದ್ದರು. ಅಲ್ಪಸಂಖ್ಯಾತರಿಗೂ ಬಹುಮತದ ಮನವೊಲಿಸುವ ಸ್ವಾತಂತ್ರ್ಯ ಇರಬೇಕು ಎಂಬಂಥ ತತ್ವಗಳಿಗೆ ಶೇ. 94ಕ್ಕಿಂತ ಹೆಚ್ಚು ಒಪ್ಪಿಗೆ. ಅದೇ ತತ್ವವನ್ನು ಕಮ್ಯುನಿಸ್ಟ್ ಒಬ್ಬ ಈ ಊರಿನಲ್ಲಿ ಭಾಷಣ ಮಾಡಬಹುದೇ ಎಂದು ಬಿಡಿಸಿ ಕೇಳಿದ ಕೂಡಲೇ ಒಮ್ಮತ ಒಡೆಯಿತು. ತತ್ವ ಕೇಳಿದಾಗ ಕಣ್ಣೆದುರು ಯಾರ ಮುಖವೂ ಇರುವುದಿಲ್ಲ. ಪ್ರಸಂಗ ಕೇಳಿದಾಗ ಮುಖ ಬರುತ್ತದೆ, ಮುಖದ ಜೊತೆ ಭಾವನೆ ಬರುತ್ತದೆ. ತತ್ವದಿಂದ ಪ್ರಸಂಗಕ್ಕೆ ಬರಲು ಮನಸ್ಸು ಒಂದು ಮೆಟ್ಟಿಲು ಇಳಿದು ತರ್ಕ ಕಟ್ಟಬೇಕು, ಭಾವನೆ ಮಾತ್ರ ಮೆಟ್ಟಿಲಿಲ್ಲದೆ ತಲುಪುತ್ತದೆ. ಮಾರ್ಕಸ್ ತಂಡದ ಪ್ರಯೋಗದಲ್ಲಿಯೂ ನಿಮ್ಮ ಭಾವನೆಗಳನ್ನು ಗಮನಿಸಿ ಎಂದು ಸೂಚನೆ ಪಡೆದವರಿಗಿಂತ, ನಿಮ್ಮ ವಿಚಾರಗಳನ್ನು ಗಮನಿಸಿ ಎಂದು ಸೂಚನೆ ಪಡೆದವರು ಹೆಚ್ಚು ಸಹನೆ ತೋರಿದರು.

ಓದು ಹೆಚ್ಚಿದಂತೆ ಈ ಕಂದಕ ಕಿರಿದಾಗುತ್ತದೆ ಎಂಬುದು ನಿಜ, ಮುಚ್ಚಿಹೋಗುತ್ತದೆ ಎಂಬುದು ಸುಳ್ಳು. ಎಸಿಎಲ್‌ಯು ಬಿಟ್ಟವರು ಓದಿದವರೇ.

ಇದರ ಪಕ್ಕದಲ್ಲೇ ಇನ್ನೊಂದು ಅಸಮತೋಲನ ಇದೆ. ಗಿಬ್ಸನ್ 1990ರ ದಶಕದಲ್ಲಿ ರಷ್ಯಾದಲ್ಲಿ ಸಂದರ್ಶನದ ನಡುವೆಯೇ ಪ್ರತಿವಾದ ಹೂಡಿ ನೋಡಿದರು. ಸಹನೆಯ ಉತ್ತರ ಕೊಟ್ಟವರನ್ನು ಅಸಹನೆಯ ಕಡೆಗೆ ತಿರುಗಿಸುವುದು ಸುಲಭವಾಯಿತು. ಅಸಹನೆಯ ಉತ್ತರ ಕೊಟ್ಟವರನ್ನು ಇತ್ತ ಎಳೆಯುವುದು ಅಷ್ಟೇ ಕಷ್ಟವಾಯಿತು. ಸ್ಕೋಕಿಯ ಮಂಡಳಿ ಒಂದೇ ಸಭೆಯಲ್ಲಿ ತಿರುಗಿತು, ಹಿಂದಕ್ಕೆ ಬರಲಿಲ್ಲ.

ವ್ಯಕ್ತಿತ್ವದ ವಿವರಣೆ ಎಲ್ಲಿಯ ತನಕ

ಅಸಹನೆ ಎಂದ ತಕ್ಷಣ ಸರ್ವಾಧಿಕಾರಿ ವ್ಯಕ್ತಿತ್ವ ಎಂಬ ಮಾತು ಬಂದೇ ಬರುತ್ತದೆ. 1950ರಲ್ಲಿ ಥಿಯೊಡೋರ್ ಅಡೊರ್ನೊ ಮತ್ತು ಸಂಗಡಿಗರು ಅದನ್ನು ಅಳೆಯಲು ರೂಪಿಸಿದ ‘ಎಫ್’ (ಫ್ಯಾಸಿಸಂ) ಮಾಪಕದಲ್ಲಿ ಒಂದು ಕುಖ್ಯಾತ ದೋಷವಿತ್ತು. ಎಲ್ಲ ಹೇಳಿಕೆಗಳೂ ಒಂದೇ ದಿಕ್ಕಿನವು, ‘ಹೌದು’ ಎಂದರೆ ಅಂಕ ಏರುತ್ತದೆ. ಯಾವ ಹೇಳಿಕೆಗೂ ತಲೆಯಾಡಿಸುವ ಅಭ್ಯಾಸದವರೆಲ್ಲ ಸರ್ವಾಧಿಕಾರಿಗಳಾಗಿ ಕಂಡರು. ಬಾಬ್ ಆಲ್ಟಮೆಯರ್ 1981ರಲ್ಲಿ ಎರಡೂ ದಿಕ್ಕಿನ ಹೇಳಿಕೆಗಳನ್ನು ಬೆರೆಸಿ ಅದನ್ನು ಸರಿಪಡಿಸಿದರು. ಅವರ ಮಾಪಕ ಅಳೆಯುವುದು ಅಧಿಕಾರಕ್ಕೆ ತಲೆಬಾಗುವುದು, ಅಧಿಕಾರದಲ್ಲಿರುವವರು ಬೊಟ್ಟು ಮಾಡಿದವರ ಮೇಲೆ ಎರಗುವುದು, ರೂಢಿಗೆ ಅಂಟಿಕೊಳ್ಳುವುದು ಎಂಬ ಮೂರನ್ನು. ಆದರೆ ಆ ಹೇಳಿಕೆಗಳಲ್ಲೇ ರಾಜಕೀಯ ತುಂಬಿರುವುದರಿಂದ, ಕಾರಣವನ್ನು ಅಳೆಯುತ್ತಿದ್ದೇವೋ ಪರಿಣಾಮವನ್ನೋ ಎಂಬ ಗೊಂದಲ ಉಳಿಯಿತು. ಇದಕ್ಕೆ ಸುತ್ತುದಾರಿಯಾಗಿ ಬಂದದ್ದು ಮಕ್ಕಳ ಸಾಕಣೆಯ ನಾಲ್ಕು ಪ್ರಶ್ನೆಗಳು. ಮಗುವಿನಲ್ಲಿ ಯಾವುದು ಮುಖ್ಯ: ಸ್ವತಂತ್ರ ಮನೋಭಾವವೋ ಹಿರಿಯರಿಗೆ ಗೌರವವೋ, ಕುತೂಹಲವೋ ಒಳ್ಳೆಯ ನಡವಳಿಕೆಯೋ, ಸ್ವಾವಲಂಬನೆಯೋ ವಿಧೇಯತೆಯೋ, ಇತರರ ಬಗ್ಗೆ ಕಾಳಜಿಯೋ ಶಿಸ್ತೋ. ರಾಜಕೀಯದ ಸುಳಿವೇ ಇಲ್ಲದೆ ಒಳಗಿನ ಒಲವು ಹೊರಬರುತ್ತದೆ.

ಕರೆನ್ ಸ್ಟೆನರ್ 2005ರಲ್ಲಿ ವಿಸ್ತರಿಸಿದ ವಾದ ಇಲ್ಲಿ ಉಪಯುಕ್ತ. ಈ ಒಲವು ಸದಾ ಉರಿಯುವುದಿಲ್ಲ, ಬೂದಿ ಮುಚ್ಚಿದ ಕೆಂಡದಂತೆ ಇರುತ್ತದೆ. ನಮ್ಮೆಲ್ಲರನ್ನು ಒಟ್ಟಿಗೆ ಹಿಡಿದಿರುವ ಕಟ್ಟುಪಾಡು ಒಡೆಯುತ್ತಿದೆ ಎಂಬ ಭಾವನೆ ಬಂದಾಗ ಮಾತ್ರ ಅಸಹನೆಯಾಗಿ ಹೊತ್ತಿಕೊಳ್ಳುತ್ತದೆ. ಆದರೆ ಒಂದು ಊರಿನ ಪ್ರಕರಣದಿಂದ ಇದನ್ನು ಪರೀಕ್ಷಿಸಲಾಗದು. ವ್ಯಕ್ತಿಗಳ ಅಳತೆಯೇ ಇಲ್ಲದಿರುವಾಗ ಸ್ಕೋಕಿಯವರ ವ್ಯಕ್ತಿತ್ವದ ಬಗ್ಗೆ ಬರೆದದ್ದೆಲ್ಲ ಊಹೆ. ಇಂಥ ಕಡೆ ಸನ್ನಿವೇಶವನ್ನು ಮೊದಲು ಖರ್ಚು ಮಾಡಿ, ಅದು ಸಾಲದೆ ಹೋದರೆ ವ್ಯಕ್ತಿತ್ವಕ್ಕೆ ಕೈ ಹಾಕಬೇಕು. ಸ್ಕೋಕಿಯಲ್ಲಿ ಸನ್ನಿವೇಶವೇ ಸಾಕಷ್ಟು ವಿವರಿಸುತ್ತದೆ.

ಅಳೆಯುವಾಗ ಆಗುವ ತಪ್ಪು

ಸಮಾಜಶಾಸ್ತ್ರಜ್ಞ ಸ್ಯಾಮ್ಯುಯೆಲ್ ಸ್ಟೌಫರ್ 1954ರಲ್ಲಿ 4,900ಕ್ಕೂ ಹೆಚ್ಚು ಸಾಮಾನ್ಯ ಜನರನ್ನೂ 1,500 ಸ್ಥಳೀಯ ಮುಖಂಡರನ್ನೂ ಸಂದರ್ಶನ ಮಾಡಿಸಿದರು. ತಾನು ಕಮ್ಯುನಿಸ್ಟ್ ಎಂದು ಒಪ್ಪಿಕೊಂಡವನಿಗೆ ಊರಿನಲ್ಲಿ ಮಾತಾಡಲು ಬಿಡಬಹುದು ಎಂದವರು ಶೇ. 27. ಆಮೇಲಿನ ವರ್ಷಗಳಲ್ಲಿ ಅದೇ ಪ್ರಶ್ನೆ ಕೇಳಿದಾಗ ಅಂಕಿ ಏರುತ್ತಾ ಹೋಯಿತು. ಜನ ಸಹನಶೀಲರಾಗುತ್ತಿದ್ದಾರೆ ಎಂದು ಬರೆದರು.

ಸಲ್ಲಿವನ್, ಜೇಮ್ಸ್ ಪಿಯರ್ಸನ್, ಮಾರ್ಕಸ್ ಇದಕ್ಕೆ ತಕರಾರು ಎತ್ತಿದರು. ಕಮ್ಯುನಿಸ್ಟರ ಮೇಲಿನ ಸಿಟ್ಟು ಇಳಿದಿದೆ ಅಷ್ಟೆ. ಸಿಟ್ಟು ಬೇರೆ ಬೇರೆ ಗುಂಪುಗಳಿಗೆ ಹಂಚಿಹೋಗಿದೆ. ಅವರ ವಿಧಾನ ಹೀಗೆ: ಮೊದಲು ಎಡ, ಬಲ ಎರಡೂ ಕಡೆಯ ಗುಂಪುಗಳ ಪಟ್ಟಿ ಕೊಟ್ಟು, ನಿಮಗೆ ಅತಿ ಹೆಚ್ಚು ಅಸಹ್ಯವಾದ ಗುಂಪು ಯಾವುದು ಎಂದು ಆರಿಸಲು ಹೇಳಬೇಕು, ಪಟ್ಟಿಯ ಹೊರಗಿನದನ್ನೂ ಹೇಳಬಹುದು. ಆಮೇಲೆ ಆ ಗುಂಪಿನ ಬಗ್ಗೆಯೇ ಆರು ಹೇಳಿಕೆಗಳು: ಅದರ ಸದಸ್ಯ ರಾಷ್ಟ್ರಾಧ್ಯಕ್ಷನಾಗಬಹುದೇ, ಸರ್ಕಾರಿ ಶಾಲೆಯಲ್ಲಿ ಕಲಿಸಬಹುದೇ, ಗುಂಪನ್ನು ಕಾನೂನುಬಾಹಿರ ಮಾಡಬೇಕೇ, ಊರಿನಲ್ಲಿ ಭಾಷಣ ಮಾಡಬಹುದೇ, ಫೋನ್ ಕದ್ದಾಲಿಸಬೇಕೇ, ಬಹಿರಂಗ ಸಭೆ ನಡೆಸಬಹುದೇ. ಕೆಲವಕ್ಕೆ ‘ಹೌದು’ ಎಂದರೆ ಸಹನೆ, ಕೆಲವಕ್ಕೆ ‘ಇಲ್ಲ’ ಎಂದರೆ ಸಹನೆ. ಸುಮ್ಮನೆ ತಲೆಯಾಡಿಸುವವರು ಸಿಕ್ಕಿಬೀಳುತ್ತಾರೆ. 1978ರಲ್ಲಿ, ಸ್ಕೋಕಿ ಕಾವು ಏರಿದ್ದ ವರ್ಷವೇ, ಇದನ್ನು ದೇಶದಾದ್ಯಂತ ಕೇಳಿದಾಗ ಭಾಷಣಕ್ಕೆ ಒಪ್ಪಿದವರು ಶೇ. 50, ಬಹಿರಂಗ ಸಭೆಗೆ ಶೇ. 34, ರಾಷ್ಟ್ರಾಧ್ಯಕ್ಷ ಹುದ್ದೆಗೆ ಶೇ. 16. ಭಾಷಣಕ್ಕೂ ಸಭೆಗೂ ನಡುವಿನ ಆ ಹದಿನಾರು ಅಂಕಗಳಲ್ಲೇ ಸ್ಕೋಕಿ ಕೂತಿದೆ. ಮಾತಾಡುವುದು ಬೇರೆ, ಗುಂಪುಗೂಡಿ ಬೀದಿಗೆ ಬರುವುದು ಬೇರೆ ಎಂದು ಜನ ಭಾವಿಸುತ್ತಾರೆ.

ಈ ವಿಧಾನಕ್ಕೂ ಮಿತಿಯಿದೆ. ಒಬ್ಬರಿಗೆ ಅತಿ ಅಸಹ್ಯವಾದ ಗುಂಪು ನಿಜಕ್ಕೂ ಹಿಂಸೆಯಲ್ಲಿ ತೊಡಗಿದ್ದರೆ ನಿರಾಕರಣೆಯನ್ನು ಅಸಹನೆ ಎಂದು ಎಣಿಸುವುದು ಅನ್ಯಾಯ. ಗುಂಪು ಆರಿಸಿದ ಮೇಲೆ ಯಾಕೆ ಎಂದು ಕೇಳಿ ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳದಿದ್ದರೆ, ಬದುಕುಳಿದ ಮುದುಕಿಯೂ ಪಕ್ಕದ ಊರಿನ ಪುಂಡನೂ ಒಂದೇ ಅಂಕ ಪಡೆಯುತ್ತಾರೆ.

ಇಂಥ ಪ್ರಕರಣ ಕೈಗೆ ಬಂದರೆ

ಮೊದಲು ದಿನಾಂಕಗಳ ಪಟ್ಟಿ ಮಾಡಿ, ಮೊದಲ ಪ್ರತಿಕ್ರಿಯೆ ಯಾವುದಿತ್ತು, ಯಾವ ದಿನ ತಿರುಗಿತು ಎಂದು ಗುರುತು ಹಾಕಿಕೊಳ್ಳಬೇಕು. ತಿರುವಿನ ಹಿಂದುಮುಂದಿನ ಒಂದು ವಾರದಲ್ಲಿ ಯಾರು ಯಾರೊಡನೆ ಮಾತಾಡಿದರು ಎಂಬುದರಲ್ಲೇ ಅರ್ಧ ಉತ್ತರ ಇರುತ್ತದೆ. ಆಮೇಲೆ ‘ಬೇಡ’ ಎಂದವರನ್ನು ಕಾರಣದ ಪ್ರಕಾರ ಬೇರೆ ಮಾಡಬೇಕು, ಜಾತಿ, ವಯಸ್ಸು, ಓದಿನ ಪ್ರಕಾರವಲ್ಲ. ಒಂದು ಸರಳ ಪ್ರಶ್ನೆ ಇದಕ್ಕೆ ಸಾಕು: ಏನು ಬದಲಾದರೆ ಒಪ್ಪುತ್ತೀರಿ? ಚಿಹ್ನೆ ತೆಗೆದರೆ ಎಂದವರದು ಮೊದಲ ಬೇರು. ಬೇರೆ ದಿನ, ಬೇರೆ ಜಾಗ, ಸಾಕಷ್ಟು ಪೊಲೀಸರು ಎಂದವರದು ಎರಡನೆಯದು. ಅವರ ಬದಲು ಇನ್ನಾರಾದರೂ ಆಗಿದ್ದರೆ ಎಂದವರದು ಮೂರನೆಯದು. ಏನು ಬದಲಾದರೂ ಇಲ್ಲ ಎನ್ನುವವರು ಕೆಲವರು ಉಳಿಯುತ್ತಾರೆ; ವ್ಯಕ್ತಿತ್ವದ ಮಾಪಕ ಬೇಕಾಗುವುದು ಅವರಿಗೆ.

ಸುಮ್ಮನಿದ್ದವರನ್ನು ಎಣಿಸದೆ ಬಿಡುವುದು ಸಾಮಾನ್ಯ ತಪ್ಪು. ಗಟ್ಟಿ ದನಿಯವರ ಅಭಿಪ್ರಾಯವೇ ಊರಿನ ಅಭಿಪ್ರಾಯ ಎಂದು ಎಲ್ಲರೂ ನಂಬಿದಾಗ, ಬೇರೆ ಅಭಿಪ್ರಾಯದವರು ತಾವು ಒಂಟಿ ಎಂದುಕೊಂಡು ಬಾಯಿ ಮುಚ್ಚಿಕೊಳ್ಳುತ್ತಾರೆ, ಅವರ ಮೌನ ಆ ನಂಬಿಕೆಯನ್ನೇ ಗಟ್ಟಿ ಮಾಡುತ್ತದೆ. ಸಾರ್ವಜನಿಕ ಸಭೆಯ ಟಿಪ್ಪಣಿ ಮಾತ್ರ ನೋಡಿದರೆ ಇವರು ಕಾಣಿಸುವುದೇ ಇಲ್ಲ. ಒಬ್ಬೊಬ್ಬರನ್ನೇ ಬೇರೆಯಾಗಿ ಕೂರಿಸಿ, ನಿಮ್ಮ ಅಭಿಪ್ರಾಯ ಏನು, ಊರಿನವರ ಅಭಿಪ್ರಾಯ ಏನಿರಬಹುದು ಎಂದು ಎರಡನ್ನೂ ಕೇಳಬೇಕು. ಎರಡು ಉತ್ತರಗಳ ನಡುವಿನ ಅಂತರವೇ ಮೌನದ ಅಳತೆ.

ನಿಯಮಗಳನ್ನು ಬರೆಯುವ ವೇಳೆಯೂ ಮುಖ್ಯ. ಸ್ಕೋಕಿಯ ಮೂರು ಉಪನಿಯಮಗಳೂ ಅರ್ಜಿ ಬಂದ ಮೇಲೆ, ಒಬ್ಬ ಅರ್ಜಿದಾರನನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು. ಕೋರ್ಟಿನಲ್ಲಿ ಅವು ಉಳಿಯಲಿಲ್ಲ. ಸಮಯ, ಜಾಗ, ಶಬ್ದದ ಮಿತಿಗಳು ಮೊದಲೇ ಬರೆದಿಟ್ಟು ಎಲ್ಲರಿಗೂ ಒಂದೇ ಆಗಿದ್ದರೆ ಉಳಿಯುತ್ತವೆ. ಪ್ರತಿ ಮೊಕದ್ದಮೆಯೂ ಕಾಲಿನ್‌ಗೆ ಬಿಟ್ಟಿ ಪ್ರಚಾರ. ಐವತ್ತು ಜನರ ಗುಂಪಿನ ಹೆಸರು ದೇಶಕ್ಕೆಲ್ಲ ಗೊತ್ತಾಯಿತು.

ಸ್ಕೋಕಿಯಲ್ಲಿ ಬೇರಿಗೆ ತಕ್ಕ ಮದ್ದು ಎರಡು ಕಡೆ ಕಂಡಿತು. ಶಾಂತಿಭಂಗದ ಬೇರಿಗೆ ಅಮೆರಿಕದ ನ್ಯಾಯ ಇಲಾಖೆಯ ಸಮುದಾಯ ಸಂಬಂಧ ಸೇವೆಯ ಮಧ್ಯಸ್ಥರು ಬಂದರು; ಯಾರು ಸರಿ ಎಂದು ವಾದಿಸದೆ, ಎಲ್ಲಿ, ಯಾವಾಗ, ಯಾವ ದಾರಿ ಎಂದು ಎಲ್ಲ ಕಡೆಯವರೊಡನೆ ಮಾತಾಡಿದರು. ನೆನಪಿನ ಬೇರಿಗೆ ಮದ್ದು ಬದುಕುಳಿದವರೇ ಕಂಡುಕೊಂಡರು. ನಲವತ್ತರ ದಶಕದಿಂದ ಹೆಚ್ಚು ಬಾಯಿ ಬಿಡದಿದ್ದವರು ಮಾತಾಡತೊಡಗಿದರು, 1981ರಲ್ಲಿ ಒಂದು ಪ್ರತಿಷ್ಠಾನ ಕಟ್ಟಿದರು. ನರಮೇಧದ ಇತಿಹಾಸವನ್ನು ಶಾಲೆಗಳಲ್ಲಿ ಕಡ್ಡಾಯ ಮಾಡಿದ ಮೊದಲ ರಾಜ್ಯ ಇಲಿನಾಯ್, 1990ರಲ್ಲಿ. 2009ರಲ್ಲಿ ದೊಡ್ಡ ಸಂಗ್ರಹಾಲಯ ತೆರೆಯಿತು, ಸ್ಕೋಕಿಯಲ್ಲೇ. ಮೂರನೆಯ ಬೇರಿಗೆ ಯಾರೂ ಕೈ ಹಾಕಲಿಲ್ಲ. ಸಂಸ್ಥೆ ಬಿಟ್ಟವರಿಗೆ ಪತ್ರಗಳು ಹೋದವು, ತತ್ವವನ್ನು ಇನ್ನೊಮ್ಮೆ ವಿವರಿಸುವ ಪತ್ರಗಳು. ಆದರೆ ತತ್ವದ ಬಗ್ಗೆ ಅವರಿಗೆ ತಕರಾರೇ ಇರಲಿಲ್ಲ.

1978ರ ಜುಲೈ 9ರಂದು ಕಾಲಿನ್ ತಂಡ ಮಾರ್ಕ್ವೆಟ್ ಪಾರ್ಕಿನಲ್ಲಿ ಸಭೆ ನಡೆಸಿತು. ನೆರೆದ ಜನರಲ್ಲಿ ವಿರೋಧಿಗಳೂ ಇದ್ದರು, ಆ ಬಡಾವಣೆಯಲ್ಲಿ ಅವರ ಮಾತಿಗೆ ತಲೆದೂಗುವ ಬಿಳಿಯರೂ ಇದ್ದರು. ಸ್ಕೋಕಿಯ ‘ಬೇಡ’ವನ್ನೂ ಮಾರ್ಕ್ವೆಟ್ ಪಾರ್ಕಿನ ‘ಬರಲಿ’ಯನ್ನೂ ಒಂದೇ ಕೋಷ್ಟಕದಲ್ಲಿ ಅಕ್ಕಪಕ್ಕ ಬರೆದು, ಎರಡನೆಯ ಊರು ಹೆಚ್ಚು ಸಹನೆಯದು ಎಂದು ತೀರ್ಮಾನಿಸಿದ ವಿದ್ಯಾರ್ಥಿಗೆ ಶೂನ್ಯ ಅಂಕ ಕೊಡಬೇಕು. ತಲೆದೂಗಿದವರ ಸಾಲಿನಲ್ಲಿ ಸಹನೆಯ ಅಂಕಣವನ್ನು ಖಾಲಿ ಬಿಡಬೇಕು.